ಮಾತಿಗೆ ಗೂಟವಿಲ್ಲ

ನಮ್ಮೂರಿಗೆ ಬೀದಿ ಒಂದೇ. ಆ ಬೀದಿಯಲ್ಲಿ ಒಂದು ಹೊತ್ತಿಗೆ ನಡೆಯುವವರು ಒಬ್ಬರೇ. ಉಳಿದವರ ಕಾಲು ಏಳೋದಿಲ್ಲ. ಏಳಿಸಬಾರದು ಅಂತ ಯಾರೂ ಕಟ್ಟು ಹಾಕಿಲ್ಲ ಸ್ವಾಮಿ, ನಿಜವಾಗಿಯೂ ಏಳೋದಿಲ್ಲ. ಸರದಿ ಬರೋವರೆಗೆ ಪಾದ ಬೀಸುಕಲ್ಲಿನ ಹಾಗೆ ನೆಲಕ್ಕೆ ಕೂತಿರುತ್ತೆ. ಮನೆಯೊಳಗೆ ಎಷ್ಟು ಬೇಕಾದರೂ ಓಡಾಡಿ, ಕುಣಿಯಿರಿ, ಯಾರು ಬೇಡ ಅಂತಾರೆ? ಬೀದಿಗೆ ಇಳಿಯೋದು ಮಾತ್ರ ಸರದಿ ಬಂದಾಗ. ಪರಊರಿನವರು ಇದನ್ನ ಕೇಳಿ ನಗುತ್ತಾರೆ. ನಮ್ಮ ಜಗಲಿಯಿಂದ ಒಂದು ಸಲ ಇಳಿಯೋಕೆ ಹೋಗಿ, ಇಳಿಯಲಾರದೆ, ಆಮೇಲೆ ಸುಮ್ಮನಾಗುತ್ತಾರೆ.

ಯಾರ ಸರದಿ ಯಾವಾಗ ಅನ್ನೋದು ಹೆಗಲ ಮೇಲಿನ ವಸ್ತ್ರಕ್ಕೆ ಗೊತ್ತು. ಕೆಂಪು, ಹಳದಿ, ಬಿಳಿ. ಕೆಂಪು ಕಾಯುತ್ತಿದ್ದರೆ ಹಳದಿ ನಿಲ್ಲಬೇಕು. ಹಳದಿ ಕಾಯುತ್ತಿದ್ದರೆ ಬಿಳಿ ನಿಲ್ಲಬೇಕು. ಬಿಳಿಯವನು ಅರ್ಧ ದಾರಿ ನಡೆದಿದ್ದರೂ ಸರಿ, ಹಿಂದೆ ಕೆಂಪಿನವನು ಇಳಿದರೆ ಮುಗಿಯಿತು, ಬಿಳಿಯವನ ಕಾಲು ತಾನಾಗಿ ಪಕ್ಕದ ಜಗಲಿ ಹತ್ತಿ ನಿಂತುಬಿಡುತ್ತೆ. ಸರದಿಯನ್ನ ದಾನ ಕೊಡೋಕೂ ಬರೋದಿಲ್ಲ. "ಪಾಪ, ನೀನು ಮುಂದೆ ಹೋಗಪ್ಪ" ಅಂದರೆ ಬಾಯಿಮಾತಿಗೆ ಚೆನ್ನ. ಕಾಲಿಗೆ ಅದು ಕೇಳಿಸೋದಿಲ್ಲ. ಕಾಲಿಗೆ ಬಣ್ಣ ಮಾತ್ರ ಕೇಳಿಸುತ್ತೆ.

ಬಣ್ಣ ಕೊಡುವವರು ಸರದಿ ಯಜಮಾನರು. ಬೀದಿಯ ನಟ್ಟನಡುವೆ ಅವರ ಕಟ್ಟೆ, ಕಟ್ಟೆಯ ಮೇಲೆ ಒಂದು ನಗಾರಿ. ಯಾರ ಬಣ್ಣ ಬದಲಾಯಿತೋ ಅವರ ಹೆಸರು ಹಿಡಿದು ನಗಾರಿ ಬಾರಿಸುತ್ತಾರೆ. ಆಮೇಲೆ ಆ ಮನುಷ್ಯ ಕಟ್ಟೆಯ ಬುಡಕ್ಕೆ ಬಂದು ನಿಲ್ಲಬೇಕು, ಯಜಮಾನರು ತಮ್ಮ ಕೈಯಾರೆ ಹೆಗಲಿಗೆ ಹಾಕಬೇಕು. ಹೆರಿಗೆ ನೋವಿನ ಮನೆಗೆ ಕೆಂಪು, ಜೀವ ಹೋಗುತ್ತಿರುವ ಮನೆಗೆ ಕೆಂಪು. ಒಳಕೋಟೆಯ ಒಡೆಯನ ಕೆಲಸಕ್ಕೂ ಕೆಂಪೇ. ಒಡೆಯನ ಬೀಸಣಿಗೆ, ಒಡೆಯನ ಉಪ್ಪಿನಕಾಯಿ ಜಾಡಿ, ಒಡೆಯನ ಗಿಣಿ. ಒಡೆಯನನ್ನ ಕಂಡವರು ಊರಲ್ಲಿ ಒಬ್ಬರೂ ಇಲ್ಲ. ಗಿಣಿಯನ್ನ ಮಾತ್ರ ದಿನಾ ಕಾಣುತ್ತೇವೆ, ಗಾಳಿ ಸೇವನೆಗೆ ಹೋಗಿ ಬರುತ್ತೆ.

ಬೀದಿಯ ಮೇಲ್ತುದಿಗೆ ಒಳಕೋಟೆ. ನೀರು ಅಲ್ಲೇ, ಬೆಂಕಿ ಅಲ್ಲೇ, ಉಪ್ಪು ಅಲ್ಲೇ. ಊರಲ್ಲಿ ಎಲ್ಲಿ ಬಾವಿ ತೋಡಿದರೂ ಒಣಮಣ್ಣು. ಬೆಂಕಿ ಮನೆಯಲ್ಲಿ ಹುಟ್ಟೋದಿಲ್ಲ, ತಂದರೆ ಉರಿಯುತ್ತೆ. ತಂದದ್ದು ತಂದವರ ಕೈಯಲ್ಲೇ ಮನೆ ಮುಟ್ಟಬೇಕು, ಬೀದಿಯಲ್ಲಿ ಕೈ ಬದಲಾದರೆ ನೀರು ಇಂಗುತ್ತೆ, ಬೆಂಕಿ ಆರುತ್ತೆ. ಹಾಗಾಗಿ ಬಡವ ಬಲ್ಲಿದ ಅನ್ನದೆ ಎಲ್ಲರೂ ಆ ಹೊಸ್ತಿಲು ದಾಟಲೇಬೇಕು. ದಾಟುವಾಗ ಹೆಗಲ ವಸ್ತ್ರ ಕಳಚಿಟ್ಟು ಕೋಟೆಯ ಕರಿಕಂಬಳಿ ಹೊದೆಯಬೇಕು. ಒಳಗೆ ಎಲ್ಲರೂ ಕಪ್ಪು. ಒಳಗೆ ಎಲ್ಲರ ಕಾಲೂ ಹಗುರ. ಅದಕ್ಕೆ ಕಾರಣವೂ ಉಂಟು. ಬಾವಿಗೆ ಇರೋದು ಒಂದೇ ಹಗ್ಗ. ಹಗ್ಗ ಹಿಡಿದ ಬಿಳಿಯವಳು, ಹೊರಗಿನ ಲೆಕ್ಕದಂತೆ, ಕೆಂಪಿನವನು ಬಂದ ಅಂತ ಅಲ್ಲೇ ಕಲ್ಲಾಗಿ ನಿಂತಳು ಅನ್ನಿ. ಹಗ್ಗವೂ ಅವಳ ಕೈಯಲ್ಲೇ ನಿಂತಿತು. ನೀರಿಗೆ ಬಂದ ಕೆಂಪಿನವನೂ ನಿಂತ. ಊರೇ ನಿಂತಿತು. ಅದಕ್ಕೇ ಒಳಗಿರುವಷ್ಟು ಹೊತ್ತು ಎಲ್ಲರೂ ನಡೆಯೋದು ಒಡೆಯನ ಕಾಲಿನಲ್ಲಿ. ಹೊರಗೆ ಬಂದಮೇಲೆ ನಿಮ್ಮ ಕಾಲು ನಿಮಗೆ.

ನಾನು ಉಪ್ಪು ಹೊರುವವನು. ಹಳದಿ. ಎಷ್ಟು ಸಲ ಆ ಕಂಬಳಿ ಹೊದ್ದಿದ್ದೇನೋ ನನಗೇ ತಿಳಿಯದು. ಹೊದ್ದಾಗ ಮೈ ಹಗುರಾಗೋದು, ಕಳಚಿದಾಗ ಮತ್ತೆ ಮಣಭಾರ ಆಗೋದು, ಅದು ಮಾತ್ರ ಪ್ರತಿ ಸಲವೂ ಹೊಸದೇ.

ಹೊಸ್ತಿಲ ಕಾವಲಿಗೆ ಇದ್ದವರು ಹೊಸ್ತಿಲಯ್ಯ. ಅವರ ಹಿಂದೆ ಗೋಡೆ ತುಂಬ ಮರದ ಗೂಟ, ಒಳಗೆ ಹೋದವರ ವಸ್ತ್ರ ಗೂಟಕ್ಕೆ. ಅವರ ಬಾಯಲ್ಲಿ ಎಲ್ಲರಿಗೂ ಏಕವಚನವೇ. ಅದು ಹೊಸ್ತಿಲ ಮರ್ಯಾದೆ.

ಹೋಗುವಾಗ ಕೇಳುತ್ತಾರೆ, "ಏನು ಬಿಡ್ತೀಯ?"

"ನನ್ನ ಸರದಿ ಬಿಡ್ತೀನಿ."

"ಏನು ಹೊದೀತೀಯ?"

"ಕೋಟೆಯ ಕಪ್ಪು ಹೊದೀತೀನಿ."

ಬರುವಾಗ ಕೇಳುತ್ತಾರೆ, "ಏನು ಕಳಚ್ತೀಯ?"

"ಕೋಟೆಯ ಕಪ್ಪು ಕಳಚ್ತೀನಿ."

"ಏನು ತಗೋತೀಯ?"

"ಬಿಟ್ಟದ್ದೇ ತಗೋತೀನಿ."

ಈ ಕಡೆಯ ಮಾತು ಆಡದೆ ಯಾರೂ ಹೊಸ್ತಿಲಿಂದ ಹೊರಗೆ ಬಂದದ್ದಿಲ್ಲ.

ಹೊಸ್ತಿಲಯ್ಯನವರನ್ನ ಊರು ದೇವರ ಹಾಗೆ ಕಾಣುತ್ತಿತ್ತು. ಅವರಿಗಿಂತ ಮುಂಚೆ ಇದ್ದವನು ಒಬ್ಬ ಉಂಡಾಡಿ. ಬಾಯಿಗೆ ಬಂದ ಹಾಡು ಹಾಡಿಕೊಂಡು ಕೈಗೆ ಸಿಕ್ಕ ವಸ್ತ್ರ ಕೊಡುತ್ತಿದ್ದನಂತೆ. ಸೂಲಗಿತ್ತಿ ಕೆಂಪು ಬಿಟ್ಟು ಒಳಗೆ ಹೋಗಿ ಬಿಸಿನೀರು ತಂದರೆ ಹೊರಗೆ ಅವಳ ಹೆಗಲಿಗೆ ಬಿಳಿ. ಎಣ್ಣೆ ಗಾಣದವನು ಬಿಳಿ ಬಿಟ್ಟು ಹೋದವನು ಕೆಂಪು ಹೊದ್ದು ಬೀದಿ ಉದ್ದಕ್ಕೂ ಮೀಸೆ ತಿರುವುತ್ತಾ ನಡೆದ. ಎಷ್ಟು ಬಸುರಿಯರು ಆ ಕಾಲದಲ್ಲಿ ಸತ್ತರೋ! ಜನ ಕೋಟೆಗೆ ಹೋಗೋಕೇ ಹೆದರಿ ಒಲೆ ಹಚ್ಚದೆ ಹಸಿ ಕಾಳು ತಿಂದುಕೊಂಡು ಕೂತಿದ್ದರು. ಆಮೇಲೆ ಬಂದವರು ಹೊಸ್ತಿಲಯ್ಯ. ಕಣ್ಣು ಮುಚ್ಚಿ ವಸ್ತ್ರ ಮೂಸಿದರೆ ಸಾಕು, ಇದು ಉಪ್ಪಿನವನದು, ಇದು ಗಾಣದವನದು ಅಂತ ಹೇಳುತ್ತಿದ್ದರು. ಒಂದೇ ಒಂದು ಸಲ ತಪ್ಪಿದ್ದಿಲ್ಲ. ಏನು ಬಿಟ್ಟು ಹೋದೆವೋ ಅದೇ ನಮ್ಮ ಕೈಗೆ. ಊರು ನೆಮ್ಮದಿಯಾಗಿ ಉಸಿರಾಡಿತು.

ಇನ್ನು ಬತ್ತಿಯವ್ವನ ವಿಷಯ. ಬೀದಿಯ ಕೆಳತುದಿಯ ಮನೆ ಅವಳದು. ಹಳೇ ಬಟ್ಟೆ ಹರಿದು ದೀಪಕ್ಕೆ ಬತ್ತಿ ಹೊಸೆಯೋದು ಕೆಲಸ. ಗಂಡ ಇಲ್ಲ. ಒಬ್ಬಳೇ ಮಗಳು, ಚುರುಕು ಹುಡುಗಿ, ಜಗಲಿಯ ಮೇಲೆ ನಿಂತುಕೊಂಡು ಬೀದಿಯಲ್ಲಿ ಹೋಗುವವರನ್ನೆಲ್ಲ ಬಣ್ಣ ಹಿಡಿದು ಕೂಗುವವಳು. "ಹಳದಿಮಾವ, ಉಪ್ಪು ತಂದ್ಯಾ?" ಅಂತ ನನ್ನನ್ನ ಕೂಗುತ್ತಿದ್ದಳು. ಬತ್ತಿಯವ್ವನದು ಬಿಳಿ, ಹುಟ್ಟಿದಾಗಿನಿಂದ ಬಿಳಿ. ಬತ್ತಿ ಹೊಸೆಯುವವರಿಗೆ ಏನು ಅವಸರ ಅಂತ ಊರಿನ ಎಣಿಕೆ.

ಬೇಸಿಗೆಯಲ್ಲಿ ಆ ಹುಡುಗಿಗೆ ಜ್ವರ ಬಂತು. ಪಂಡಿತರು ಒಂದು ಬೇರು ಕೊಟ್ಟು, "ಹೊಸ ನೀರಲ್ಲಿ ತೇಯ್ದು ಕುಡಿಸು, ಇಳಿಯುತ್ತೆ" ಅಂದರು. ಮನೆಯ ಕೊಡ ಬರಿದಾಗಿತ್ತು. ಪಕ್ಕದ ಮನೆಯ ಕುಂಬಾರಜ್ಜಿಯ ಕೊಡವೂ ಬರಿದೇ. ಆ ಬೇಸಿಗೆಯಲ್ಲಿ ಬಿಳಿಯವರ ಮನೆಗಳಲ್ಲೆಲ್ಲ ಕೊಡ ಬರಿದೇ. ಕುಂಬಾರಜ್ಜಿಯನ್ನ ಮಗಳ ಹತ್ತಿರ ಕೂರಿಸಿ ಬತ್ತಿಯವ್ವ ಬೆಳಗ್ಗೆಯೇ ಇಳಿದಳು. ನಿಂತು ನಿಂತು, ಜಗಲಿ ಹತ್ತಿ ಇಳಿದು, ಕೋಟೆಗೆ ಬಂದಳು. ನಾನು ಆಗತಾನೇ ಉಪ್ಪು ಹೊತ್ತು ಹೊರಗೆ ಬಂದು, ಹೊಸ್ತಿಲ ಹೊರಗಿನ ಕಾಯುವ ಕಟ್ಟೆಯಲ್ಲಿ ಕೂತಿದ್ದೆ. ಅವತ್ತು ಒಡೆಯನ ಮನೆಯಲ್ಲಿ ಏನೋ ಸಂಭ್ರಮ, ಕೆಂಪಿನವರು ಒಬ್ಬರ ಹಿಂದೆ ಒಬ್ಬರು.

"ಏನು ಬಿಡ್ತೀಯ?" ಅಂದರು ಹೊಸ್ತಿಲಯ್ಯ.

"ನನ್ನ ಸರದಿ ಬಿಡ್ತೀನಿ" ಅಂತ ಬಿಳಿ ವಸ್ತ್ರ ಕೊಟ್ಟು, ಕಂಬಳಿ ಹೊದ್ದು, ಅವಳು ಒಳಗೆ ಓಡಿದಳು. ಎಂಥ ಓಟ ಅದು! ಬದುಕಿಡೀ ಬಿಳಿ ಹೊದ್ದವಳು ಹಾಗೆ ಓಡಿದ್ದನ್ನ ನಾನು ಕಂಡಿರಲಿಲ್ಲ. ಹಗ್ಗ ಹಿಡಿದವರೇ ಬಿಟ್ಟುಕೊಟ್ಟರು. ಒಳಗೆ ಅವಳಿಗೆ ಯಾರೂ ಅಡ್ಡ ಬರಲಿಲ್ಲ.

ಅವಳು ಒಳಗಿದ್ದಾಗಲೇ ಕೆಳಗಡೆಯಿಂದ ಮಾತು ಬಂತು. ನಮ್ಮ ಊರಲ್ಲಿ ಕಾಲು ಕಟ್ಟಿದ್ದರೂ ನಾಲಗೆ ಬಿಚ್ಚಿದೆಯಲ್ಲ. ಒಂದು ಜಗಲಿಯವರು ಕೂಗಿದ್ದು ಇನ್ನೊಂದು ಜಗಲಿಗೆ, ಅಲ್ಲಿಂದ ಮತ್ತೊಂದಕ್ಕೆ, ಸುದ್ದಿಗೆ ಯಾವ ಸರದಿಯೂ ಬೇಡ. ಹುಡುಗಿಗೆ ಜ್ವರ ನೆತ್ತಿಗೇರಿದೆ, ಕಣ್ಣು ಮೇಲೆ ಹೋಗುತ್ತಿದೆ ಅಂತ ಕುಂಬಾರಜ್ಜಿ ಕೂಗಿದ್ದು ನಡುಗಟ್ಟೆ ಮುಟ್ಟಿತು. ಸರದಿ ಯಜಮಾನರು ಒಳ್ಳೆಯವರೇ, ಇಲ್ಲ ಅನ್ನಬಾರದು. ತಡಮಾಡಲಿಲ್ಲ. ನಗಾರಿ ಬಾರಿಸಿದರು. "ಬತ್ತಿಯವ್ವನಿಗೆ ಕೆಂಪು! ಈ ಗಳಿಗೆಯಿಂದ ಕೆಂಪು!" ಊರೆಲ್ಲ ಕೇಳಿತು. ಕಾಯುವ ಕಟ್ಟೆಯಲ್ಲಿ ನಾವು ಕೇಳಿದೆವು. ಒಳಗೆ ಬಾವಿಯ ಹತ್ತಿರ ಅವಳೂ ಕೇಳಿದಳು.

ಕೊಡ ಸೊಂಟಕ್ಕೆ ಇಟ್ಟುಕೊಂಡು ಹೊಸ್ತಿಲಿಗೆ ಬಂದಾಗ ಅವಳ ಮುಖದ ಮೇಲೆ ಭಯವೂ ಇತ್ತು, ಒಂದು ಥರದ ಬೆಳಕೂ ಇತ್ತು. ಕೆಂಪು ಅಂದರೆ ಏನು ಸಾಮಾನ್ಯವೇ? ಒಂದೇ ಓಟ, ಮನೆ.

"ಏನು ಕಳಚ್ತೀಯ?"

"ಕೋಟೆಯ ಕಪ್ಪು ಕಳಚ್ತೀನಿ. ಬೇಗ ಕೊಡಯ್ಯ."

"ಏನು ತಗೋತೀಯ?"

"ಕೆಂಪು ತಗೋತೀನಿ. ನಗಾರಿ ಆಯ್ತಲ್ಲ, ಕೇಳಲಿಲ್ವ?"

ಹೊಸ್ತಿಲಯ್ಯ ಗೂಟದ ಕಡೆ ತಿರುಗಿದರು. ಅವಳ ಗೂಟದಲ್ಲಿ ಬಿಳಿ ತೂಗುತ್ತಿತ್ತು. ಅದನ್ನ ತೆಗೆದು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತರು.

"ಕೇಳಿದೆ ತಾಯಿ. ಎದೆ ಧಸಕ್ ಅಂತು. ಆದರೆ ನೀನು ಬಿಟ್ಟದ್ದು ಬಿಳಿ."

"ಬಿಟ್ಟಾಗ ಬಿಳಿ ಇತ್ತು. ಈಗ ನಾನು ಕೆಂಪು. ಊರಿಗೇ ಗೊತ್ತು."

"ಊರಿಗೆ ಗೊತ್ತು, ನನಗೂ ಗೊತ್ತು. ಗೂಟಕ್ಕೆ ಗೊತ್ತಿಲ್ಲವಲ್ಲ. ಯಜಮಾನರು ಹೇಳಿದ್ದು ಮಾತು. ಮಾತಿಗೆ ಇಲ್ಲಿ ಗೂಟ ಇಲ್ಲ ತಾಯಿ. ನಡುಗಟ್ಟೆಗೆ ಹೋಗು, ಅವರ ಕೈಯಿಂದ ಹಾಕಿಸ್ಕೋ. ಆಮೇಲೆ ನಿನ್ನ ಯಾರು ತಡೀತಾರೆ?"

"ಬಿಳಿ ಹೊದ್ದು ನಡುಗಟ್ಟೆ ಮುಟ್ಟೋದು ಯಾವಾಗಯ್ಯ? ನೋಡು ಎಷ್ಟು ಕೆಂಪು ಕೂತಿದೆ!" ಅವಳು ಗೂಟದ ಗೋಡೆಗೆ ಕೈ ತೋರಿದಳು. "ಅಗೋ, ಗೂಟದಲ್ಲಿ ಅಷ್ಟೊಂದು ಕೆಂಪು ತೂಗ್ತಿದೆ. ಒಂದು ಕೊಡು. ಕೊಡ ಇಳಿಸಿ, ಬೇರು ತೇಯ್ದು ಕುಡಿಸಿ, ಓಡಿ ಬಂದು ಕೊಟ್ಟುಬಿಡ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ."

"ಅವು ಒಳಗಿರೋರದು. ಅವರು ಬಂದು ಕೇಳಿದರೆ ನಾನು ಏನು ಕೊಡಲಿ? ಹಿಂದಿನವನು ಹೀಗೇ ಒಂದು ಕೊಟ್ಟ, ಇನ್ನೊಂದು ಕೊಟ್ಟ, ಆಮೇಲೆ ಏನಾಯ್ತು ಅಂತ ನಿಮ್ಮವ್ವನನ್ನೇ ಕೇಳಬೇಕಿತ್ತು ನೀನು." ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಸುಳ್ಳಲ್ಲ, ನಾನೇ ನೋಡಿದೆ. "ಅದು ಆಗೋದಿಲ್ಲ ತಾಯಿ. ಆಗೋ ಹಾಗಿದ್ದರೆ ನಾನು ಮಾಡ್ತಿರಲಿಲ್ವ? ಆಗೋದೇ ಇಲ್ಲ. ಹೇಳು, ಏನು ತಗೋತೀಯ?"

ಅವಳು ಹೇಳಲಿಲ್ಲ. ಹೊಸ್ತಿಲಲ್ಲೇ ನಿಂತಳು. ಹೇಳದೆ ಹೊರಗೆ ಬರೋ ಹಾಗಿಲ್ಲ. ಹೇಳಿದರೆ ಬಿಳಿ. ಕೊಡದ ನೀರು ತುಳುಕಿ ಸೀರೆ ನೆನೆಯಿತು. ಅವಳು ಸೆರಗಿನಿಂದ ಕೊಡದ ಬಾಯಿ ಮುಚ್ಚಿದಳು, ಇದ್ದದ್ದಾದರೂ ಇರಲಿ ಅಂತ.

"ಬಿಟ್ಟದ್ದೇ ತಗೋತೀನಿ" ಅಂದಳು ಕೊನೆಗೆ.

ನಮ್ಮ ಪಕ್ಕದಲ್ಲಿ ಬಂದು ಕೂತಳು. ಬಿಳಿ ಹೆಗಲಿಗೆ ಬಿದ್ದ ಕ್ಷಣ ಅವಳ ಪಾದ ಭಾರವಾದದ್ದು ನನಗೆ ಕಾಣಿಸಿತ್ತು. ಒಂದು ಸಲ ಎದ್ದು ಬೀದಿಗೆ ಕಾಲು ಹಾಕೋಕೆ ನೋಡಿದಳು. ಕಾಲು ಬರಲಿಲ್ಲ. ತೊಡೆ ಎರಡೂ ಕೈಯಲ್ಲಿ ಹಿಡಿದು ಎಳೆದಳು. ಬರಲಿಲ್ಲ. ಬೀದಿಯಲ್ಲಿ ಆಗ ಹೋಗುತ್ತಿದ್ದವನು ಗಿಣಿಯವನು. ಒಡೆಯನ ಗಿಣಿಗೆ ಬಿಸಿಲು ತಾಗದಿರಲಿ ಅಂತ ಪಂಜರಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು, ಕೆಂಪು ಹೊದ್ದು, ಹಕ್ಕಿಗೆ ಅಲುಗಾಟ ಆಗಬಾರದು ಅಂತ ಮೆಲ್ಲಮೆಲ್ಲಗೆ ಹೆಜ್ಜೆ ಇಡುತ್ತಿದ್ದ. ಥೂ ಅವನ ಹೆಜ್ಜೆಗೆ! ಅವನನ್ನ ಬೈದು ಏನು ಬಂತು ಬಿಡಿ, ಅವನ ಹೆಂಡತಿ ಮಕ್ಕಳು ಬದುಕೋದು ಆ ಗಿಣಿಯಿಂದ.

ಜಗಲಿಯಿಂದ ಜಗಲಿಗೆ ಸುದ್ದಿ ಬಂತು. "ಮಗು ನೀರು ಕೇಳ್ತಿದೆಯಂತೆ."

"ಬರ್ತಿದೀನಿ ಅನ್ನಿ" ಅಂತ ಬತ್ತಿಯವ್ವ ಕೂಗಿದಳು. ಆ ಮಾತು ಜಗಲಿಯಿಂದ ಜಗಲಿಗೆ ಇಳಿದು ಹೋಯಿತು.

ಉಪ್ಪಿನಕಾಯಿ ಜಾಡಿ ಹೋಯಿತು. ಸುದ್ದಿ ಬಂತು. "ಮಗು ತುಟಿ ನೆಕ್ಕಿಕೊಳ್ತಿದೆಯಂತೆ."

"ಬರ್ತಿದೀನಿ ಅನ್ನಿ."

ಬೀಸಣಿಗೆಯವನು ಹೋದ. ಸುದ್ದಿ ಬಂತು. ಹೇಳೋಕೆ ನಮ್ಮ ಹತ್ತಿರದ ಜಗಲಿಯವನಿಗೆ ಬಾಯಿ ಬರಲಿಲ್ಲ. ಹೇಳೋ ಮಾರಾಯ ಅಂತ ನಾವೆಲ್ಲ ಗದರಿದೆವು. "ಅವ್ವ ಯಾವ ಬಣ್ಣದಲ್ಲಿದ್ದಾಳೆ ಅಂತ ಕೇಳ್ತಿದೆಯಂತೆ" ಅಂದ.

ಬತ್ತಿಯವ್ವ ತನ್ನ ಹೆಗಲು ನೋಡಿಕೊಂಡಳು. ನಮ್ಮ ಮುಖ ನೋಡಿದಳು. "ಕೆಂಪು ಅನ್ನಿ" ಅಂದಳು. "ನಿಮ್ಮವ್ವ ಕೆಂಪಲ್ಲಿ ಬರ್ತಿದ್ದಾಳೆ ಅನ್ನಿ." ಆ ಜಗಲಿಯವನು ತಿರುಗಿ ಕೂಗಿದ. ಕೆಂಪಲ್ಲಿ ಬರ್ತಿದ್ದಾಳಂತೆ, ಕೆಂಪಲ್ಲಿ ಬರ್ತಿದ್ದಾಳಂತೆ ಅಂತ ಊರುದ್ದಕ್ಕೂ ಆ ಸುಳ್ಳು ಓಡಿತು, ಅವಳ ಕಾಲು ಓಡಬೇಕಾಗಿದ್ದ ಹಾಗೆ.

ಕೆಂಪಿನವರು ಮುಗಿದ ಕೂಡಲೇ ಹಳದಿಯವರು ನಾವು ಓಡಿದೆವು. ನಾವು ಇರೋವರೆಗೆ ಅವಳ ಕಾಲು ಏಳೋದಿಲ್ಲವಲ್ಲ, ಬೇಗ ಮನೆ ಸೇರಿದರೆ ಅವಳಿಗೆ ದಾರಿಯಾಗಲಿ ಅಂತ ಒಬ್ಬೊಬ್ಬರೂ ಎದೆ ಒಡೆಯೋ ಹಾಗೆ ಓಡಿದೆವು. ಉಪ್ಪಿನ ಮೂಟೆ ಹೊತ್ತು ನಾನು ಅಷ್ಟು ಓಡಿದ್ದು ಅದೇ ಮೊದಲು. ನನ್ನ ಮನೆ ನಡುಗಟ್ಟೆಯ ಎದುರಿಗೆ. ಜಗಲಿ ಹತ್ತಿ ತಿರುಗಿ ನೋಡುವಷ್ಟರಲ್ಲಿ ಕೆಳತುದಿಯಿಂದ ಮತ್ತೊಂದು ಸುದ್ದಿ ಮೇಲಕ್ಕೆ ಹೋಗುತ್ತಿತ್ತು. ಯಾರೂ ಕೂಗಲಿಲ್ಲ ಅದನ್ನ. ಒಂದು ಜಗಲಿಯವರು ಇನ್ನೊಂದು ಜಗಲಿಯವರ ಮುಖ ನೋಡಿದರು, ಅಷ್ಟೇ. ಅದು ಎಲ್ಲಕ್ಕಿಂತ ಬೇಗ ಮುಟ್ಟಿತು.

ಆಮೇಲೆ ಬೀದಿಗೆ ಬತ್ತಿಯವ್ವ ಇಳಿದಳು. ಬಿಳಿ ಹೊದ್ದು, ಕೊಡ ಸೊಂಟದಲ್ಲಿಟ್ಟುಕೊಂಡು ಬಂದಳು. ಓಡಲಿಲ್ಲ. ನಡುಗಟ್ಟೆಯ ಬುಡಕ್ಕೆ ಬಂದಾಗ ಸರದಿ ಯಜಮಾನರು ಕೆಂಪು ಮಡಿಸಿ ಹಿಡಿದುಕೊಂಡು ನಿಂತಿದ್ದರು. ಅವಳು ತಾನಾಗಿ ಹೆಗಲು ಕೊಟ್ಟಳು. ಅವರು ಬಿಳಿ ತೆಗೆದು ಕೆಂಪು ಹಾಕಿದರು. ಬೀದಿಯೆಲ್ಲ ಅವಳಿಗೆ ಖಾಲಿಯಾಯಿತು. ಆ ಉಳಿದರ್ಧ ದಾರಿ ಅವಳು ಕೆಂಪಲ್ಲಿ ನಡೆದಳು, ಮಗಳಿಗೆ ಹೇಳಿ ಕಳಿಸಿದ ಮಾತು ಅಷ್ಟರಮಟ್ಟಿಗೆ ನಿಜವಾಯಿತು.

ಆ ನೀರಲ್ಲೇ ಮಗಳಿಗೆ ಸ್ನಾನ ಮಾಡಿಸಿದರು.

ಊರ ಪಂಚಾಯತಿ ಸೇರಿತು. ತಪ್ಪು ಯಾರದು ಅಂತ ವಿಚಾರಣೆ. ಸರದಿ ಯಜಮಾನರು ಎದ್ದು, "ಮಗು ಕಷ್ಟದಲ್ಲಿದೆ ಅಂದ ತಕ್ಷಣ ಕೆಂಪು ಕೊಟ್ಟೆ, ಒಂದು ಗಳಿಗೆ ತಡ ಮಾಡಲಿಲ್ಲ" ಅಂದರು. ನಿಜ ಅಂದರು ಎಲ್ಲರೂ. ಹೊಸ್ತಿಲಯ್ಯ ಎದ್ದು, "ಅವಳು ಬಿಟ್ಟದ್ದು ಏನೋ ಅದನ್ನೇ ಕೊಟ್ಟೆ, ಒಂದು ಎಳೆ ಹೆಚ್ಚುಕಡಿಮೆ ಮಾಡಲಿಲ್ಲ" ಅಂದರು. ಅದೂ ನಿಜ ಅಂದರು. ಇಬ್ಬರಿಗೂ ಹೂವಿನ ಹಾರ ಹಾಕಿದರು. ನಡುಗಟ್ಟೆಯ ಮಾತು ಹೊಸ್ತಿಲ ಗೂಟಕ್ಕೆ ಮುಟ್ಟೋದು ಹೇಗೆ ಅಂತ ಒಬ್ಬ ಕೇಳಿದ. ಅವನನ್ನ ಕೂರಿಸಿದರು. ಇಬ್ಬರದೂ ತಪ್ಪಿಲ್ಲ ಅಂದಮೇಲೆ ತಪ್ಪು ಇನ್ಯಾರದು? ಆ ಮಗುವಿನದೇ ಇರಬೇಕು. ಇನ್ನೊಂದು ಸ್ವಲ್ಪ ತಡಕೊಳ್ಳಬಾರದಿತ್ತೇ ಅದು! ಕೈ ತೊಳೆದುಕೊಂಡು ಏಳುವಾಗ ಪಂಚರಿಗೆ ಏನನ್ನಿಸಿತೋ, ಬತ್ತಿಯವ್ವನಿಗೆ ಜೀವ ಇರೋವರೆಗೂ ಕೆಂಪು ಅಂತ ಸಾರಿಬಿಟ್ಟರು. ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ, ಎಲ್ಲರಿಗಿಂತ ಮುಂದೆ ಹೋಗಬಹುದು ಅವಳು. ಅವಳಿಗೆ ಹೋಗೋಕೆ ಜಾಗ ಇರಲಿಲ್ಲ.

ಹೊಸ್ತಿಲಯ್ಯನವರಿಗೆ ಅವತ್ತಿನಿಂದ ಕೈ ನಡುಗೋಕೆ ಶುರುವಾಯಿತು. ಬಿಳಿ ವಸ್ತ್ರ ಮುಟ್ಟಿದರೆ ಸಾಕು, ನಡುಕ. ಒಂದು ದಿನ ಅಕ್ಕಸಾಲಿಗನ ಬಿಳಿಯನ್ನ ಕುಂಬಾರಜ್ಜಿಗೆ ಕೊಟ್ಟರು. ಎರಡೂ ಬಿಳಿಯೇ, ಆದರೂ ಊರು ಹೌಹಾರಿತು. ಹಳೇ ಕಾಲ ಮತ್ತೆ ಬಂತು ಅಂತ ಹೆಂಗಸರು ಅತ್ತರು. ಹಾರ ಹಾಕಿದ ಕೈಗಳೇ ಅವರನ್ನ ಹೊಸ್ತಿಲಿಂದ ಎಬ್ಬಿಸಿ, ಹೆಗಲಿಗೆ ಬಿಳಿ ಹಾಕಿ, ಬೀದಿಯ ಕೆಳಗಡೆ ಒಂದು ಮನೆ ಕೊಟ್ಟು ಕಳಿಸಿದವು. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಒಬ್ಬಳು, ಅವಳಿಗೂ ಮೊದಲಿಂದ ಉಬ್ಬಸ.

ಹೊಸ್ತಿಲಿಗೆ ಯಾರು ಅನ್ನೋದು ಪ್ರಶ್ನೆಯಾಯಿತು. ಬಿಟ್ಟದ್ದನ್ನ ಬಿಟ್ಟು ಬೇರೆ ಕೊಡದಂಥವರು ಬೇಕು. ಅತ್ತರೂ, ಕಾಲಿಗೆ ಬಿದ್ದರೂ ಕೊಡದಂಥವರು ಬೇಕು. ಯಾರೋ ಪುಣ್ಯಾತ್ಮ, "ಬತ್ತಿಯವ್ವ ಇದ್ದಾಳಲ್ಲ, ಅದರ ಬೆಲೆ ಅವಳಿಗಿಂತ ಇನ್ಯಾರಿಗೆ ಗೊತ್ತು?" ಅಂದ. ನಾನು ಅವನ ಮುಖಕ್ಕೆ ಉಗಿಯಬೇಕು ಅಂತಿದ್ದೆ. ಬತ್ತಿಯವ್ವ ಆಗಲಿ ಅಂದಳು.

ಅವಳು ಮೆತ್ತಗೆ ಇರುತ್ತಾಳೆ ಅಂತ ಬಿಳಿಯವರು ಆಸೆ ಇಟ್ಟುಕೊಂಡಿದ್ದರು. ಹೊಟ್ಟೆ ಉರಿದವಳಲ್ಲವೇ, ನಮ್ಮ ಸಂಕಟ ತಿಳಿದೀತು ಅಂತ. ಎಲ್ಲಿ ಬಂತು! ಹೊಸ್ತಿಲಯ್ಯನವರಾದರೂ ಕಣ್ಣೀರು ಹಾಕಿ ಕೊಡುತ್ತಿದ್ದರು, ಇವಳು ಅದೂ ಇಲ್ಲ. "ಏನು ತಗೋತೀಯ?" ಅಂದಾಗ ದನಿಯಲ್ಲಿ ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಕೆಲಸ ಇಲ್ಲದಾಗ ಗೂಟಗಳ ಕೆಳಗೆ ಕೂತು ಬತ್ತಿ ಹೊಸೆಯುತ್ತಿದ್ದಳು. ಹರಿಯುತ್ತಿದ್ದದ್ದು ಯಾವ ಬಟ್ಟೆ ಅಂತ ನೋಡಿದರೆ ತನ್ನದೇ ಕೆಂಪು. ಜೀವಮಾನದ ಕೆಂಪು. ಅಂಚಿನಿಂದ ಒಂದೊಂದೇ ಪಟ್ಟಿ ಹರಿದು, ತೊಡೆಯ ಮೇಲೆ ಹೊಸೆದು, ಹೊಸ್ತಿಲ ದೀಪಕ್ಕೆ ಹಾಕುತ್ತಿದ್ದಳು. ದೀಪ ದೀಪದ ಹಾಗೆಯೇ ಉರಿಯುತ್ತಿತ್ತು.

ಹೀಗೇ ಕಾಲ ಹೋಯಿತು. ಮತ್ತೊಂದು ಬೇಸಿಗೆ. ನಾನು ಉಪ್ಪಿಗೆ ಬಂದು ಕಂಬಳಿ ಹೊದ್ದು ಒಳಗಿದ್ದೆ. ಹಳೇ ಹೊಸ್ತಿಲಯ್ಯ ಕೈಯಲ್ಲಿ ಸಣ್ಣ ತಂಬಿಗೆ ಹಿಡಿದುಕೊಂಡು ನೀರಿಗೆ ಬಂದರು. ಬಿಳಿ ಬಿಟ್ಟು ಬಂದಿದ್ದರು. ಕಪ್ಪು ಹೊದ್ದರೂ ಅವರ ಕಾಲು ಹಗುರಾಗಿರಲಿಲ್ಲ, ವಯಸ್ಸಾಗಿತ್ತಲ್ಲ. ನಾನೇ ನೀರು ಸೇದಿ ತಂಬಿಗೆ ತುಂಬಿಸಿದೆ. ಹೆಂಡತಿಗೆ ಉಬ್ಬಸ ಜಾಸ್ತಿಯಾಗಿದೆ, ಗಂಟಲು ಒಣಗುತ್ತಿದೆ ಅಂತಾಳೆ, ಅಂದರು. ಅಷ್ಟು ಹೇಳುವಷ್ಟರಲ್ಲಿ ನಗಾರಿ.

"ಹೊಸ್ತಿಲಯ್ಯನಿಗೆ ಕೆಂಪು! ಈ ಗಳಿಗೆಯಿಂದ ಕೆಂಪು!"

ನನ್ನ ಕೈಯಿಂದ ಹಗ್ಗ ಜಾರಿತು. ಅವರು ನನ್ನ ಮುಖ ನೋಡಿದರು. ತಂಬಿಗೆ ಎತ್ತಿಕೊಂಡು ಹೊರಟರು. ನಾನು ಉಪ್ಪಿನ ಮೂಟೆ ಅಲ್ಲೇ ಬಿಟ್ಟು ಅವರ ಹಿಂದೆ ಬಂದೆ.

ಬತ್ತಿಯವ್ವ ಗೂಟಗಳ ಕೆಳಗೆ ಕೂತಿದ್ದಳು. ಮಡಿಲಲ್ಲಿ ಕೆಂಪು ಇತ್ತು. ಹರಿದು ಹರಿದು ಅರ್ಧ ಉಳಿದಿತ್ತು, ಆದರೂ ಒಬ್ಬ ಮುದುಕನ ಹೆಗಲಿಗೆ ಬೇಕಾದಷ್ಟು ಇತ್ತು. ಅದು ಒಳಗಿದ್ದ ಯಾರದೂ ಅಲ್ಲ. ಅದನ್ನ ಕೊಟ್ಟರೆ ಯಾವ ಗೂಟವೂ ಬರಿದಾಗುತ್ತಿರಲಿಲ್ಲ.

"ಏನು ಕಳಚ್ತೀಯ?" ಅಂದಳು.

"ಕೋಟೆಯ ಕಪ್ಪು ಕಳಚ್ತೀನಿ."

"ಏನು ತಗೋತೀಯ?"

ಮುದುಕರು ಅವಳ ಮಡಿಲು ನೋಡಿದರು. ಕಣ್ಣು ಅಲ್ಲೇ ನಿಂತಿತು. ಕೇಳುತ್ತಾರೆ ಅಂದುಕೊಂಡೆ. ಕೇಳಿ, ಕೇಳಿ ಅಂತ ಮನಸ್ಸಿನಲ್ಲೇ ಕೂಗಿಕೊಂಡೆ. ಬತ್ತಿಯವ್ವನ ಕೈ ಬಟ್ಟೆಯ ಮೇಲಿತ್ತು, ಹೊಸೆಯುತ್ತಿರಲಿಲ್ಲ. ಅವಳೂ ಕಾಯುತ್ತಿದ್ದಳು ಅಂತ ನನಗೆ ಈಗಲೂ ಅನ್ನಿಸುತ್ತೆ. ಯಾವುದಕ್ಕೆ ಅಂತ ಕೇಳಬೇಡಿ.

"ಬಿಟ್ಟದ್ದೇ ತಗೋತೀನಿ, ತಾಯಿ" ಅಂದರು ಮುದುಕರು.

ಅವಳು ಎದ್ದು ಗೂಟದಿಂದ ಬಿಳಿ ತೆಗೆದು ಕೊಟ್ಟಳು.

ಅವರು ಹೋಗಿ ಕಾಯುವ ಕಟ್ಟೆಯಲ್ಲಿ, ಅವಳು ಕೂತಿದ್ದ ಜಾಗದಲ್ಲೇ ಕೂತರು. ಕೆಂಪಿನವರು ಒಬ್ಬರಾದ ಮೇಲೆ ಒಬ್ಬರು ಹೋಗುತ್ತಿದ್ದರು. ಜಗಲಿಯಿಂದ ಜಗಲಿಗೆ ಸುದ್ದಿ ಬಂತು, ಅಜ್ಜಿ ಉಸಿರಿಗೆ ಒದ್ದಾಡ್ತಿದ್ದಾಳಂತೆ, ನೀವು ಯಾವ ಬಣ್ಣದಲ್ಲಿದ್ದೀರಿ ಅಂತ ಕೇಳ್ತಿದ್ದಾಳಂತೆ.

"ಬಿಳಿ ಅನ್ನಿ" ಅಂದರು ಮುದುಕರು. "ಹೊಸ್ತಿಲವನ ಹೆಂಡತಿ ಅವಳು. ತಿಳ್ಕೋತಾಳೆ."

ಹೊಸ್ತಿಲಲ್ಲಿ ನಿಂತು ನಾನು ಇದನ್ನೆಲ್ಲ ಕೇಳಿದೆ. ಬತ್ತಿಯವ್ವನೂ ಕೇಳಿದಳು. ನನಗೆ ಸಿಟ್ಟು ತಡೆಯಲಾಗಲಿಲ್ಲ.

"ಏನು ಕಲ್ಲಾಗಿಬಿಟ್ಟೆಯೇ ತಂಗಿ ನೀನು? ಮಡಿಲಲ್ಲಿ ಇತ್ತಲ್ಲ! ನಿನ್ನದೇ ಇತ್ತಲ್ಲ! ನೆತ್ತಿಗೆ ದ್ವೇಷ ಅಷ್ಟೊಂದು ಏರಿತಾ? ಅವರು ಅವತ್ತು ಕೊಡಲಿಲ್ಲ ಅಂತ ಇವತ್ತು ನೀನೂ..."

"ದ್ವೇಷ ಏನಿಲ್ಲ ಅಣ್ಣ" ಅಂದಳು. ಅವಳ ತುಟಿ ಅದುರುತ್ತಿತ್ತು. ಆ ಹೊಸ್ತಿಲಿಗೆ ಬಂದಮೇಲೆ ಅವಳ ಮುಖ ಕದಲಿದ್ದನ್ನ ನಾನು ಕಂಡದ್ದು ಅದೇ ಮೊದಲು. "ಆಗೋದಿಲ್ಲ ತಾಯಿ, ಆಗೋದೇ ಇಲ್ಲ ಅಂದಿದ್ದರು ಅವರು. ಅದೊಂದು ಮಾತು ಹಿಡ್ಕೊಂಡು ಇಷ್ಟು ದಿನ ಉಸಿರಾಡಿದೀನಿ. ಇವತ್ತು ನಾನು ಇದನ್ನ ಅವರ ಹೆಗಲಿಗೆ ಹಾಕಿದ್ದರೆ, ಅವತ್ತೂ ಹಾಕಬಹುದಿತ್ತು ಅಂತ ಆಗ್ತಿತ್ತಲ್ಲ. ಒಂದು ಕೈ ಚಾಚಿದ್ದರೆ ನನ್ನ ಮಗಳು ಇರ್ತಿದ್ದಳು ಅಂತ ಆಗ್ತಿತ್ತಲ್ಲ. ಆಮೇಲೆ ನಾನು ಹೇಗೆ ಬದುಕಲಿ?"

ಹೊರಗೆ ಗಿಣಿಯವನು ಮೆಲ್ಲಗೆ ಹೋಗುತ್ತಿದ್ದ. ಕಟ್ಟೆಯಲ್ಲಿ ಮುದುಕರು ತಂಬಿಗೆಯ ಬಾಯನ್ನ ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದರು.

ಬತ್ತಿಯವ್ವ ಕೂತು ಮಡಿಲ ಕೆಂಪಿನಿಂದ ಇನ್ನೊಂದು ಪಟ್ಟಿ ಹರಿದಳು. ಆಮೇಲೆ ತಲೆ ಎತ್ತಿ, ದಿನಾ ಕೇಳುವ ದನಿಯಲ್ಲೇ ನನ್ನನ್ನ ಕೇಳಿದಳು.

"ಏನು ಕಳಚ್ತೀಯ?"